ಕೂಟದ ಬೆಲೆ, ಕಡಲಾಚೆಯ ಬೆಲೆ

ರೇಡಿಯೋ ಇಟ್ಟುಕೊಂಡ ಮನೆಯವರಾದ ನಿಮಗೆ ‘ಪೇಟೆ ಧಾರಣೆ’ ಎಂಬ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಟ್ಟಣದ ಮನೆಗಳಲ್ಲಿ ಅದು ಮುಗಿದು ಯಾವಾಗ ಸಂಗೀತ ಆರಂಭವಾದೀತೆಂದು ಕಾಯುವವರೇ ಹೆಚ್ಚು. ಆದರೆ ಹಳೇಬೀಡಿನ ನೆರೆಯ ನಮ್ಮ ಹುಲಿಕೆರೆಯಲ್ಲಿ ಅದರ ಮಾತೇ ಬೇರೆಯಾಗಿತ್ತು. ನಾನು ಹುಡುಗನಾಗಿದ್ದಾಗ ಒಂದು ಜಗಲಿ, ಒಂದು ರೇಡಿಯೋ, ಸುತ್ತ ಹತ್ತು ಮಂದಿ. ಅರಸೀಕೆರೆ, ತಿಪಟೂರುಗಳ ಕೊಬ್ಬರಿ ಧಾರಣೆ ಬರುವ ಹೊತ್ತಿಗೆ ಕೆಮ್ಮು ಬಂದವನೂ ಕೆಮ್ಮನ್ನು ತಡೆದುಕೊಳ್ಳುತ್ತಿದ್ದ. ಆ ಒಂದು ಅಂಕಿಯ ಮೇಲೆ ಒಂದು ಮನೆಯ ಮದುವೆ, ಇನ್ನೊಂದು ಮನೆಯ ಸಾಲ, ಮತ್ತೊಂದು ಮನೆಯ ಹುಡುಗನ ಕಾಲೇಜು ನಿಂತಿರುತ್ತಿತ್ತು.

ಆ ಅಂಕಿಯನ್ನು ಯಾರು ಕಟ್ಟುತ್ತಾರೆ? ಬೆಳೆದವನೇ, ಕೊಳ್ಳುವವನೇ, ಸರ್ಕಾರವೇ, ಇಲ್ಲವೆ ಕಡಲಾಚೆ ಕುಳಿತ ಯಾರೋ ಒಬ್ಬರೇ? ಅವರು ಅನ್ಯಾಯವಾಗಿ ಕಟ್ಟಿದರೆ ಕೇಳುವ ಕಾನೂನು ಉಂಟೇ? ಈ ಪ್ರಶ್ನೆಗಳು ವಕೀಲರಿಗೆ ಮಾತ್ರ ಸೇರಿದವೆಂದು ನಾವು ತಿಳಿದಿದ್ದೇವೆ. ಹಾಗಲ್ಲವೆಂಬುದನ್ನು ತೋರಿಸಲು, ನಮ್ಮ ಸೀಮೆಯ ಕೊಬ್ಬರಿ ಕಾಫಿಗಳನ್ನೇ ಮುಂದಿಟ್ಟುಕೊಂಡು ನಾಲ್ಕು ಮಾತು ಹೇಳುವೆನು.

ಮೊದಲು ಒಂದು ಮನೆಯ ಸಂಗತಿ. ಉಂಡೆ ಕೊಬ್ಬರಿ ಆಗುವ ಬಗೆ ನಿಮ್ಮಲ್ಲಿ ಕೆಲವರಿಗೆ ತಿಳಿಯದಿರಬಹುದು. ಬಲಿತ ತೆಂಗಿನಕಾಯಿಯನ್ನು ಸುಲಿಯದೆ ಅಟ್ಟಕ್ಕೆ ಏರಿಸಿ ತಿಂಗಳುಗಟ್ಟಲೆ, ಹೆಚ್ಚುಕಡಿಮೆ ಒಂದು ವರ್ಷ, ಬಿಡಬೇಕು. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲುಗಾಡಿಸಿದರೆ ಗಡಗಡ ಸದ್ದಾಗಬೇಕು. ಆಮೇಲೆ ಸುಲಿದು, ಚಿಪ್ಪು ಒಡೆದು, ಉಂಡೆಯನ್ನು ಇಡಿಯಾಗಿ ತೆಗೆಯುತ್ತಾರೆ. ಅಂದರೆ ಕೊಬ್ಬರಿ ಬೆಳೆಯುವವನು ಕಾಯಿ ಕೆಡವಿದ ಮೇಲೆಯೂ ಒಂದು ವರ್ಷ ಕಾಯುವ ಮನುಷ್ಯ. ಅಷ್ಟು ಕಾದವನು ಮಾರುಕಟ್ಟೆಯ ಬಾಗಿಲಿಗೆ ಬಂದಾಗ ಇನ್ನು ಕಾಯಲಾರನೆಂಬುದು ಕೊಳ್ಳುವವನಿಗೆ ಗೊತ್ತಿರುತ್ತದೆ.

ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ ನಮ್ಮ ದೊಡ್ಡಪ್ಪನವರ ಜೊತೆ ನಾನೂ ಒಂದು ಮಾರುಕಟ್ಟೆಗೆ ಹೋಗಿದ್ದೆ. ಯಾವ ಊರೆಂಬುದು ಬೇಡ. ಮನೆಯಲ್ಲಿ ಮಗಳ ಮದುವೆಯ ದಿನ ಗೊತ್ತಾಗಿತ್ತು. ನಮ್ಮ ರಾಶಿಯ ಮೇಲೆ ಮೂವರು ಖರೀದಿದಾರರು ಟೆಂಡರ್ ಚೀಟಿ ಹಾಕಿದರು. ತೆರೆದು ನೋಡಿದರೆ ಮೂರರಲ್ಲೂ ಒಂದೇ ಅಂಕಿ. ಅದೂ ಹಿಂದಿನ ವಾರದ ಧಾರಣೆಗಿಂತ ಬಹಳ ಕೆಳಗೆ. ದೊಡ್ಡಪ್ಪ ಚೀಟಿಗಳನ್ನು ತಿರುವಿ ತಿರುವಿ ನೋಡಿ, “ಮೂರು ಚೀಟೀಲೂ ಒಂದೇ ಅಂಕಿ. ಇವರೇನು ಒಂದೇ ತಾಯಿ ಮಕ್ಕಳೇನೋ?” ಎಂದರು. “ಬೇಡ ಅನ್ನಿ ದೊಡ್ಡಪ್ಪ, ವಾಪಸು ತಗೊಂಡು ಹೋಗೋಣ” ಎಂದೆ. “ಹೊತ್ಕೊಂಡು ಹೋದ್ರೆ ಗಾಡಿ ಬಾಡಿಗೆ ಮೈಮೇಲೆ ಬರುತ್ತೆ ಮಗ. ಮುಂದಿನ ವಾರ ಬಂದ್ರೂ ಇದೇ ಮೂವರು ಇರ್ತಾರೆ. ನೀನು ಓದಿದೋನು, ಇದಕ್ಕೆ ಕಾನೂನು ಇಲ್ವಾ?” ಎಂದು ಕೇಳಿದರು. ಕೇಶಿರಾಜನ ಸೂತ್ರ ಕೇಳಿದ್ದರೆ ಹೇಳುತ್ತಿದ್ದೆ. ಇದಕ್ಕೆ ಉತ್ತರ ನನ್ನಲ್ಲಿರಲಿಲ್ಲ. ಅಂದಿನಿಂದ ಆ ಪ್ರಶ್ನೆ ನನ್ನ ಬೆನ್ನು ಹತ್ತಿದೆ.

ಉತ್ತರವನ್ನು ನನಗೆ ತಿಳಿದ ದಾರಿಯಿಂದಲೇ ಹುಡುಕತೊಡಗಿದೆ, ಅಂದರೆ ಶಬ್ದದಿಂದ. ‘ಕೂಟ’ ಎಂಬ ಪದವನ್ನು ನೋಡಿ. ಕನ್ನಡದ ‘ಕೂಡು’ ಧಾತುವಿನಿಂದ ಬಂದ ಕೂಟಕ್ಕೆ ಸೇರುವಿಕೆ, ಸಭೆ ಎಂದರ್ಥ. ಸಂಸ್ಕೃತದಲ್ಲಿಯೂ ‘ಕೂಟ’ ಎಂಬ ಶಬ್ದವಿದ್ದು, ಅದರ ಅರ್ಥಗಳಲ್ಲಿ ಮೋಸವೆಂಬುದೂ ಒಂದು. ಸುಳ್ಳುಸಾಕ್ಷಿಗೆ ಕೂಟಸಾಕ್ಷಿ, ಕಳ್ಳತಕ್ಕಡಿಗೆ ಕೂಟತುಲೆ ಎನ್ನುವುದು ಈ ಅರ್ಥದಿಂದಲೇ. ವರ್ತಕರು ಒಂದೆಡೆ ಕೂಡುವುದು ಕನ್ನಡದ ಕೂಟ. ಕೂಡಿ ಗುಟ್ಟಾಗಿ ಬೆಲೆ ಕಟ್ಟಿ, ಹೊರಗೆ ಬಂದು ಒಬ್ಬರಿಗೊಬ್ಬರು ಸ್ಪರ್ಧಿಗಳಂತೆ ನಟಿಸುವುದು ಸಂಸ್ಕೃತದ ಕೂಟ. ಇಂಗ್ಲಿಷಿನವರು ಕಾರ್ಟೆಲ್ ಎಂದು ಕರೆಯುವುದರಲ್ಲಿ ಈ ಎರಡೂ ಅರ್ಥಗಳು ಸೇರಿಕೊಂಡಿವೆ.

ಈ ರೋಗವೂ ಹೊಸದಲ್ಲ, ಮದ್ದೂ ಹೊಸದಲ್ಲ. ಮೈಸೂರಿನ ಓರಿಯಂಟಲ್ ಲೈಬ್ರರಿಯ ಆರ್. ಶಾಮಶಾಸ್ತ್ರಿಗಳು ಬೆಳಕಿಗೆ ತಂದು 1909ರಲ್ಲಿ ಅಚ್ಚುಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ವರ್ತಕರು ಒಟ್ಟುಗೂಡಿ ಸರಕನ್ನು ತಡೆದಿಟ್ಟರೂ ಅನುಚಿತ ಬೆಲೆಗೆ ಮಾರಿದರೂ ಸಾವಿರ ಪಣ ದಂಡವೆಂದು ವಿಧಿಸಿದೆ. ನಮ್ಮ ಕನ್ನಡ ನಾಡಿನ ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದನಷ್ಟೆ. ಅಲ್ಲಿ ಇದೇ ಅಪರಾಧದ ವಿಚಾರ ಬರುವಾಗ, ಬೇರೆ ದೇಶದಿಂದ ಬಂದ ಸರಕನ್ನು ವರ್ತಕರು ಕೂಡಿಕೊಂಡು ಕಡಿಮೆ ಬೆಲೆಗೆ ಕೇಳಿ ತಡೆಯುವುದನ್ನೂ, ಆಮೇಲೆ ದುಬಾರಿಗೆ ಮಾರುವುದನ್ನೂ ಎತ್ತಿ ಹೇಳಿದೆ. ಕೂಟದ ಬೆಲೆ, ಕಡಲಾಚೆಯ ಬೆಲೆ ಎರಡೂ ಒಂದೇ ಗಂಟಿನ ಎರಡು ಎಳೆಗಳೆಂಬುದನ್ನು ನಮ್ಮ ಹಿರಿಯರು ಒಂಬೈನೂರು ವರ್ಷಗಳ ಹಿಂದೆಯೇ ಕಂಡಿದ್ದರು.

ಈಚಿನ ಕಾಲದ ಕಾನೂನು ಹುಟ್ಟಿದ್ದು ಅಮೆರಿಕದಲ್ಲಿ. ಅಲ್ಲಿನ ದೊಡ್ಡ ದೊಡ್ಡ ಕಂಪನಿಗಳವರು ತಮ್ಮ ಷೇರುಗಳನ್ನೆಲ್ಲ ಕೆಲವೇ ಧರ್ಮದರ್ಶಿಗಳ ಕೈಗೆ ಕೊಟ್ಟು, ಹೊರಗೆ ಹಲವು ಕಂಪನಿ, ಒಳಗೆ ಒಂದೇ ಯಜಮಾನಿಕೆ ಎಂಬಂತೆ ನಡೆಸುತ್ತಿದ್ದರು. ಆ ಏರ್ಪಾಡಿಗೆ ಟ್ರಸ್ಟ್ ಎಂದು ಹೆಸರು. ಅದನ್ನು ಮುರಿಯಲು 1890ರಲ್ಲಿ ಷರ್ಮನ್ ಕಾಯಿದೆ ಬಂದಿತು. ಸೀಮೆಎಣ್ಣೆಯ ವ್ಯಾಪಾರವನ್ನು ಬಹುಮಟ್ಟಿಗೆ ಮುಷ್ಟಿಯಲ್ಲಿಟ್ಟುಕೊಂಡಿದ್ದ ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯನ್ನು 1911ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಒಡೆಯಿತು. ಇಂಥ ಕಾನೂನಿಗೆ ಆಂಟಿಟ್ರಸ್ಟ್ ಕಾನೂನೆಂದು ಹೆಸರು ನಿಂತದ್ದು ಹೀಗೆ. ನಾವು ಅದನ್ನು ಸ್ಪರ್ಧಾ ಕಾನೂನು ಎನ್ನುತ್ತೇವೆ.

ಹಾಗಾದರೆ ಒಡೆತನ ಒಂದೇ ಕೈಯಲ್ಲಿರುವುದು ಯಾವಾಗಲೂ ಕೆಟ್ಟದ್ದೇ? ಇಲ್ಲಿ ನಾವು ಹುಲಿಕೆರೆಯಿಂದ ಬೇಲೂರಿನ ಪಡುವಣಕ್ಕೆ, ತೆಂಗಿನ ನಾಡಿನಿಂದ ಕಾಫಿಯ ನಾಡಿಗೆ, ಹೋಗಬೇಕಾಗುತ್ತದೆ. ಏಕೆಂದರೆ ಅಲ್ಲಿ ಸರ್ಕಾರವೇ ಕಾನೂನು ಮಾಡಿ ಏಕಸ್ವಾಮ್ಯವನ್ನು ಕಟ್ಟಿತ್ತು. ಅದೂ ಬೆಳೆಗಾರನನ್ನು ಕಾಪಾಡುವುದಕ್ಕೆಂದೇ.

ಎರಡನೆಯ ಮಹಾಯುದ್ಧದಲ್ಲಿ ಯೂರೋಪಿನ ಪೇಟೆಗಳು ಮುಚ್ಚಿಹೋದವು. ಬೆಳೆದ ಕಾಫಿಗೆ ಕೊಳ್ಳುವವರಿಲ್ಲ. 1940ರಲ್ಲಿ ಒಂದು ಸುಗ್ರೀವಾಜ್ಞೆಯೂ 1942ರಲ್ಲಿ ಕಾಫಿ ಕಾಯಿದೆಯೂ ಬಂದವು. ಬೆಂಗಳೂರಿನಲ್ಲಿ ಕಾಫಿ ಮಂಡಳಿ ನೆಲೆಗೊಂಡಿತು. ಆ ಕಾಯಿದೆಯ ಹೃದಯವೇ ‘ಪೂಲ್’. ಬೆಳೆಗಾರನು ಮನೆಬಳಕೆಗೂ ಬೀಜಕ್ಕೂ ಬೇಕಾದಷ್ಟನ್ನು ಇಟ್ಟುಕೊಂಡು ಉಳಿದ ಕಾಫಿಯನ್ನು ಪೂಲಿಗೆ ಒಪ್ಪಿಸಬೇಕು; ಬೇರೆ ಯಾರಿಗೂ ಮಾರುವಂತಿಲ್ಲ. ಮಂಡಳಿ ಅದನ್ನು ಹರಾಜಿನಲ್ಲಿ ಮಾರುವುದು: ದೇಶದೊಳಗಿನ ವರ್ತಕರಿಗೆ ಒಂದು ಹರಾಜು, ರಫ್ತುದಾರರಿಗೆ ಇನ್ನೊಂದು. ಬಂದ ಹಣವನ್ನು ಕಾಫಿಯ ಜಾತಿ, ಗುಣಗಳಿಗೆ ಕಟ್ಟಿದ ಅಂಕಗಳಂತೆ ಬೆಳೆಗಾರರಿಗೆ ಹಂಚುವುದು. ಹಣ ಒಂದೇ ಸಲ ಬರುವುದಲ್ಲ, ಕಂತುಕಂತಾಗಿ. ಹೆಚ್ಚು ತಂದವನಿಗೂ ಕಡಿಮೆ ತಂದವನಿಗೂ, ಮೊದಲು ತಂದವನಿಗೂ ಕೊನೆಗೆ ತಂದವನಿಗೂ ಒಂದೇ ಅಳತೆ. ನಮ್ಮ ದೊಡ್ಡಪ್ಪನಂಥವರಿಗೆ ಬಂದ ಕಷ್ಟ ಅಲ್ಲಿ ಬರುವಂತಿರಲಿಲ್ಲ. ಆದರೆ ಒಳ್ಳೆಯ ಬೆಲೆ ಕಂಡಾಗ ತಾನೇ ಮಾರುವ ಸ್ವಾತಂತ್ರ್ಯವೂ ಇರಲಿಲ್ಲ.

ಈ ಏರ್ಪಾಡಿನಿಂದ ಹುಟ್ಟಿದ ಎರಡು ಮೊಕದ್ದಮೆಗಳು ನಿಜಕ್ಕೂ ತಿಳಿಯಬೇಕಾದವು. ನನ್ನಂಥ ವ್ಯಾಕರಣದವನಿಗೆ ಅವು ಬಹಳ ರುಚಿಸುತ್ತವೆ. ಎರಡೂ ‘ಮಾರಾಟ’ ಎಂಬ ಒಂದು ಶಬ್ದದ ಅರ್ಥದ ಮೇಲೆ ನಿಂತವು.

ಮೊದಲನೆಯದು 1969ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ನಮ್ಮ ಸಂವಿಧಾನದ 286ನೆಯ ಅನುಚ್ಛೇದದಂತೆ, ರಫ್ತಿನ ಕ್ರಮದಲ್ಲಿ ನಡೆಯುವ ಮಾರಾಟದ ಮೇಲೆ ರಾಜ್ಯಗಳು ತೆರಿಗೆ ಹಾಕುವಂತಿಲ್ಲ. ಕಾಫಿ ಮಂಡಳಿ ರಫ್ತುದಾರರಿಗೆಂದೇ ಹರಾಜು ನಡೆಸುತ್ತದೆ. ಕೊಂಡವನು ಅದನ್ನು ಹೊರದೇಶಕ್ಕೆ ಕಳುಹಿಸಲೇಬೇಕೆಂಬ ಕರಾರೂ ಇದೆ. ಹಾಗಿರುವಾಗ ಈ ಹರಾಜು ರಫ್ತಿನ ಕ್ರಮದಲ್ಲಿ ನಡೆದದ್ದಲ್ಲವೇ ಎಂದು ಮಂಡಳಿ ವಾದಿಸಿತು. ಮದರಾಸಿನ ತೆರಿಗೆ ಅಧಿಕಾರಿಗಳು ಒಪ್ಪಲಿಲ್ಲ. ನ್ಯಾಯಾಲಯದ ಬಹುಮತದ ತೀರ್ಪು ಅಧಿಕಾರಿಗಳ ಕಡೆಗಾಯಿತು. ಇಲ್ಲಿರುವುದು ಎರಡು ಮಾರಾಟ: ಮಂಡಳಿ ರಫ್ತುದಾರನಿಗೆ ಮಾರಿದ್ದು ಒಂದು, ರಫ್ತುದಾರ ಹೊರದೇಶದವನಿಗೆ ಮಾರಿದ್ದು ಇನ್ನೊಂದು. ಮೊದಲನೆಯದು ದಡದ ಮೇಲೆಯೇ ಮುಗಿದುಹೋಯಿತು. ಹಡಗು ಹತ್ತಿದ್ದು ಎರಡನೆಯದು. ಇದರಿಂದ ರಫ್ತಿಗೆ ತೊಡಕಾಗುವುದೆಂದು ಕಂಡು ಪಾರ್ಲಿಮೆಂಟು 1976ರಲ್ಲಿ ಕೇಂದ್ರ ಮಾರಾಟ ತೆರಿಗೆ ಕಾಯಿದೆಯನ್ನು ತಿದ್ದಿ, ಹೊರದೇಶದ ಆರ್ಡರನ್ನು ಪೂರೈಸಲೆಂದು ನಡೆಯುವ ಕಟ್ಟಕಡೆಯ ಒಳಮಾರಾಟವನ್ನೂ ರಫ್ತಿನ ಕ್ರಮಕ್ಕೇ ಸೇರಿಸಿತು.

ಎರಡನೆಯದು 1988ರದು, ನಮ್ಮ ಕರ್ನಾಟಕದ್ದೇ. ಬೆಳೆಗಾರರು ಪೂಲಿಗೆ ಕೊಟ್ಟ ಕಾಫಿಯ ಮೇಲೆ ಮಂಡಳಿ ಖರೀದಿ ತೆರಿಗೆ ಕೊಡಬೇಕೆಂದು ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಕೇಳಿತು. ಮಂಡಳಿಯ ವಾದ ನೋಡಿ: “ಬೆಳೆಗಾರನಿಗೆ ಇಲ್ಲವೆನ್ನುವ ಹಕ್ಕೇ ಇಲ್ಲ. ಕಾನೂನು ಬಲವಂತವಾಗಿ ತೆಗೆದುಕೊಳ್ಳುತ್ತದೆ. ಒಪ್ಪಿಗೆಯಿಲ್ಲದೆ ಮಾರಾಟವೆಲ್ಲಿ?” ಸುಪ್ರೀಂ ಕೋರ್ಟು ಇದನ್ನು ಒಪ್ಪಲಿಲ್ಲ. ಕಾನೂನಿನ ಕಟ್ಟುಪಾಡು ಇದ್ದಮಾತ್ರಕ್ಕೆ ಮಾರಾಟದ ಲಕ್ಷಣಗಳೆಲ್ಲ ಅಳಿದುಹೋಗುವುದಿಲ್ಲ. ಸರಕು ಕೈಬದಲಾಯಿತು, ಬೆಲೆ ಸಂದಿತು, ಅದು ಮಾರಾಟವೇ ಎಂದಿತು. ಮಂಡಳಿ ತೆರಿಗೆಗೆ ಬಾಧ್ಯವಾಯಿತು. ಬಲವಂತವೂ ಒಪ್ಪಂದವೂ ಎಷ್ಟರಮಟ್ಟಿಗೆ ಜೊತೆಯಲ್ಲಿ ಇರಬಲ್ಲವೆಂಬ ಪ್ರಶ್ನೆ ಅಲ್ಲಿ ಎದ್ದದ್ದು. ಮೂರು ಚೀಟಿಗಳ ಮುಂದೆ ನಿಂತು “ಆಗಲಿ” ಎಂದ ದೊಡ್ಡಪ್ಪನ ಒಪ್ಪಿಗೆ ಎಂಥದೆಂದು ನನಗೆ ಆ ತೀರ್ಪನ್ನು ಓದಿದಾಗಲೆಲ್ಲ ನೆನಪಾಗುತ್ತದೆ.

ಮಂಡಳಿ ದೇಶದೊಳಗಿನ ಪೂಲಾದರೆ, ದೇಶಗಳ ನಡುವೆಯೂ ಒಂದು ಪೂಲು ಇತ್ತು. 1930ರ ದಶಕದಲ್ಲಿ ಬ್ರೆಜಿಲ್ ದೇಶ ಬೆಲೆ ಉಳಿಸಿಕೊಳ್ಳಲು ಕಾಫಿಯನ್ನು ರಾಶಿ ರಾಶಿಯಾಗಿ ಸುಟ್ಟ ಕಥೆಯನ್ನು ನೀವು ಕೇಳಿರಬಹುದು. ಒಬ್ಬನೇ ಸುಟ್ಟರೆ ಪ್ರಯೋಜನವಿಲ್ಲ, ಎಲ್ಲರೂ ಕೂಡಿ ಕಡಿಮೆ ಮಾರಬೇಕೆಂಬ ಅರಿವಿನಿಂದ 1962ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದವಾಯಿತು. ಲಂಡನ್ನಿನಲ್ಲಿ ಅದರ ಸಂಸ್ಥೆ. ಬೆಳೆಯುವ ಒಂದೊಂದು ದೇಶಕ್ಕೂ ಇಷ್ಟೇ ರಫ್ತು ಎಂಬ ಕೋಟಾ. ವಿಚಿತ್ರವೆಂದರೆ, ಕೂಟವನ್ನು ಅಪರಾಧವೆಂದು ಸಾರಿದ ಅಮೆರಿಕವೂ ಕೊಳ್ಳುವ ದೇಶವಾಗಿ ಅದಕ್ಕೆ ಸಹಿ ಹಾಕಿತ್ತು. ವರ್ತಕರು ಕೂಡಿ ಮಾಡಿದರೆ ಅಪರಾಧ, ಸರ್ಕಾರಗಳು ಕೂಡಿ ಮಾಡಿದರೆ ಒಪ್ಪಂದ! 1947ರ ಗ್ಯಾಟ್ ಒಡಂಬಡಿಕೆಯ 20ನೆಯ ವಿಧಿಯಲ್ಲಿ ಇಂಥ ಸರಕಿನ ಒಪ್ಪಂದಗಳಿಗೆ ವಿನಾಯಿತಿಯೂ ಇದೆ. ಬಡ ದೇಶಗಳ ಬೆಳೆಗಾರ ಒಂದು ಸುಗ್ಗಿಯಲ್ಲಿ ನೆಲಕ್ಕೆ ಬೀಳದಿರಲಿ ಎಂಬುದು ಅದರ ಸಮರ್ಥನೆ.

1989ರ ಜುಲೈಯಲ್ಲಿ ಆ ಕೋಟಾ ಏರ್ಪಾಡು ಮುರಿಯಿತು. ಯಾರಿಗೆಷ್ಟು ಪಾಲೆಂಬ ಜಗಳ ಬಗೆಹರಿಯಲಿಲ್ಲ. ತಡೆದು ನಿಲ್ಲಿಸಿದ್ದ ಕಾಫಿಯೆಲ್ಲ ಪೇಟೆಗೆ ನುಗ್ಗಿ, ಕೆಲವೇ ತಿಂಗಳಲ್ಲಿ ಬೆಲೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಕೋಟಾದ ಹೊರಗಿನ ನಮ್ಮ ದೊಡ್ಡ ಗಿರಾಕಿಯಾಗಿದ್ದ ಸೋವಿಯತ್ ಒಕ್ಕೂಟವೂ 1991ರಲ್ಲಿ ಇಲ್ಲವಾಯಿತು. ಲಂಡನ್ನಿನ ಒಂದು ಸಭೆಯಲ್ಲಿ ಮಾತು ಮುರಿದರೆ ಬೇಲೂರು, ಸಕಲೇಶಪುರಗಳ ತೋಟದ ಕೂಲಿಯ ಬಟವಾಡೆ ತಪ್ಪುವುದೆಂಬುದನ್ನು ನಮ್ಮವರು ಅಂದು ಕಣ್ಣಾರೆ ಕಂಡರು. ದೇಶದೊಳಗಿನ ಪೂಲನ್ನೂ 1992ರಿಂದ ಹಂತಹಂತವಾಗಿ ಸಡಿಲಿಸಿ, 1996ರಲ್ಲಿ ಪೂರ್ತಿ ಬಿಟ್ಟುಕೊಟ್ಟರು. ಅಂದಿನಿಂದ ಕಾಫಿ ಬೆಳೆಗಾರನೂ ಕೊಬ್ಬರಿ ಬೆಳೆಗಾರನಂತೆ ತನ್ನ ಸರಕಿಗೆ ತಾನೇ ಗಿರಾಕಿಯನ್ನು ಹುಡುಕುವವನಾದನು. ಅರೇಬಿಕಾದ ಬೆಲೆಗೆ ನ್ಯೂಯಾರ್ಕಿನತ್ತ, ರೊಬಸ್ಟಾದ ಬೆಲೆಗೆ ಲಂಡನ್ನಿನತ್ತ ಅವನು ನೋಡುತ್ತಾನೆ.

ಹೀಗೆ ಬಾಗಿಲು ತೆರೆದ ಮೇಲೆ ಹೊಸ ಪ್ರಶ್ನೆಯೊಂದು ಬಂದಿತು. ಒಳಗಿನ ಕೂಟವನ್ನು ನಮ್ಮ ಕಾನೂನು ಹಿಡಿಯಬಹುದು. ಹೊರದೇಶದಲ್ಲಿ ಕುಳಿತು ಬೆಲೆ ಕಟ್ಟುವ ಕೂಟವನ್ನು ಹಿಡಿಯುವವರಾರು? ಇದಕ್ಕೆ ಸೋಡಾ ಆಶಿನ ಮೊಕದ್ದಮೆ ಒಳ್ಳೆಯ ಪಾಠ. ಸೋಡಾ ಆಶ್ ಎಂದರೆ ಗಾಜಿಗೂ ಬಟ್ಟೆ ಒಗೆಯುವ ಪುಡಿಗೂ ಬೇಕಾದ ಕ್ಷಾರ. ಅಮೆರಿಕದ ಉತ್ಪಾದಕರು ಕೂಡಿ, ರಫ್ತಿಗೆಂದೇ ‘ಅನ್‌ಸ್ಯಾಕ್’ ಎಂಬ ಸಂಘ ಕಟ್ಟಿಕೊಂಡಿದ್ದರು. ತಮ್ಮ ದೇಶದೊಳಗೆ ಹೀಗೆ ಕೂಡಿ ಬೆಲೆ ಕಟ್ಟಿದ್ದರೆ ಷರ್ಮನ್ ಕಾಯಿದೆ ಅವರನ್ನು ಬಿಡುತ್ತಿರಲಿಲ್ಲ. ಆದರೆ 1918ರ ವೆಬ್-ಪಾಮರಿನ್ ಕಾಯಿದೆ, ರಫ್ತಿಗಾಗಿ ಕೂಡುವವರಿಗೆ ವಿನಾಯಿತಿ ಕೊಟ್ಟಿದೆ. ಮನೆಯವರಿಗೆ ಮೋಸ ಮಾಡಬೇಡ, ಹೊರಗಿನವರ ವಿಚಾರ ನನಗೆ ಬೇಡ ಎಂದ ಹಾಗೆ.

ನಮ್ಮ ದೇಶದಲ್ಲಿ ಆಗ ಇದ್ದದ್ದು 1969ರ ಏಕಸ್ವಾಮ್ಯ ಮತ್ತು ನಿರ್ಬಂಧಕ ವ್ಯಾಪಾರ ಪದ್ಧತಿಗಳ ಕಾಯಿದೆ. ಅದರ ಆಯೋಗದ ಮುಂದೆ ಇಲ್ಲಿನ ಕ್ಷಾರ ತಯಾರಕರ ಸಂಘ ದೂರಿತು. ಆಯೋಗ 1996ರಲ್ಲಿ ತಡೆಯಾಜ್ಞೆ ಕೊಟ್ಟಿತು. ಇಂಡೋನೇಷ್ಯದಿಂದ ಬರುತ್ತಿದ್ದ ಗಾಜಿನ ವಿಷಯದಲ್ಲಿಯೂ ಅಂಥದೇ ವ್ಯಾಜ್ಯವಿತ್ತು. ಎರಡೂ ಸುಪ್ರೀಂ ಕೋರ್ಟಿಗೆ ಹೋಗಿ 2002ರ ಜುಲೈಯಲ್ಲಿ ತೀರ್ಪಾಯಿತು. ಈ ಕಾಯಿದೆಯ ಕೈ ಗಡಿಯಾಚೆಗೆ ಚಾಚುವುದಿಲ್ಲ, ಅದರ ಮೂಲಕ ಆಮದನ್ನು ತಡೆಯಲಾಗದು, ಅಗ್ಗಕ್ಕೆ ತಂದು ಸುರಿಯುತ್ತಿದ್ದರೆ ಅದಕ್ಕೆ ಡಂಪಿಂಗ್ ವಿರೋಧಿ ಸುಂಕವೆಂಬ ಬೇರೆ ದಾರಿಯಿದೆ ಎಂದು ನ್ಯಾಯಾಲಯ ಹೇಳಿ ಆಯೋಗದ ಆಜ್ಞೆಗಳನ್ನು ತೆಗೆದುಹಾಕಿತು.

ಈ ಎರಡು ದಾರಿಗಳ ಅಂತರವನ್ನು ಓದುಗರು ಗಮನಿಸಬೇಕು. ಡಂಪಿಂಗ್ ವಿರೋಧಿ ಸುಂಕ ಬರುವುದು 1975ರ ಸುಂಕ ದರ ಕಾಯಿದೆಯ 9-ಎ ಕಲಮಿನಿಂದ. ಅಲ್ಲಿ ಕೇಳುವ ಪ್ರಶ್ನೆ ಮೂರು: ತನ್ನ ದೇಶದಲ್ಲಿ ಮಾರುವುದಕ್ಕಿಂತ ಕಡಿಮೆ ಬೆಲೆಗೆ ಇಲ್ಲಿಗೆ ಕಳುಹಿಸಿದನೇ? ಅದರಿಂದ ಇಲ್ಲಿನ ಉದ್ಯಮಕ್ಕೆ ಪೆಟ್ಟು ಬಿತ್ತೇ? ಪೆಟ್ಟು ಬಿದ್ದದ್ದು ಇದರಿಂದಲೇ ಹೌದೇ? ಅಲ್ಲಿ ಕಾಪಾಡುವುದು ಮುಖ್ಯವಾಗಿ ಇಲ್ಲಿನ ಉತ್ಪಾದಕನನ್ನು. ಸ್ಪರ್ಧಾ ಕಾನೂನು ಕಾಪಾಡುವುದು ಸ್ಪರ್ಧೆಯನ್ನು. ಆ ಮೂಲಕ ಬಳಕೆದಾರನನ್ನು. ಅಗ್ಗದ ಸರಕು ಬಂದರೆ ಒಂದು ಕಾನೂನು ಹುಬ್ಬುಗಂಟಿಕ್ಕುತ್ತದೆ, ಇನ್ನೊಂದು ನಗುತ್ತದೆ. ಎರಡೂ ಒಂದೇ ಸರ್ಕಾರದ ಮಕ್ಕಳು.

ನಮ್ಮ ಸೀಮೆಯ ಕರಿಮೆಣಸು ಇದಕ್ಕೆ ಸಾಕ್ಷಿ. ಶ್ರೀಲಂಕೆಯೊಡನೆ 1998ರಲ್ಲಿ ಸಹಿಯಾದ ಮುಕ್ತ ವ್ಯಾಪಾರ ಒಪ್ಪಂದ 2000ದಲ್ಲಿ ಜಾರಿಗೆ ಬಂದಿತು. ಅಲ್ಲಿ ಬೆಳೆದದ್ದಕ್ಕೆ ಸುಂಕದ ರಿಯಾಯಿತಿ. ಆದರೆ ಚೀಲದೊಳಗಿನ ಮೆಣಸು ಅಲ್ಲಿಯದೇ ಎಂದು ಹೇಗೆ ತಿಳಿಯುವುದು? ಅದಕ್ಕೆ ಮೂಲದೇಶದ ನಿಯಮಗಳೆಂಬ ಕಟ್ಟಳೆಗಳಿವೆ. ವಿಯೆಟ್ನಾಮಿನ ಮೆಣಸು ಶ್ರೀಲಂಕೆಯ ಹೆಸರು ಹೊತ್ತು ಬರುತ್ತಿದೆಯೆಂದು ನಮ್ಮ ಬೆಳೆಗಾರರು ದೂರಿದರು. 2017ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ, ಆಮದು ಮೆಣಸಿಗೆ ಕಿಲೋಗೆ ಕನಿಷ್ಠ 500 ರೂಪಾಯಿ ಬೆಲೆಯಿರಬೇಕೆಂದು ವಿಧಿಸಿತು. ಕಾಫಿ ತೋಟದ ನೆರಳಿನ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿದವನಿಗೆ ಇದು ರಕ್ಷೆ. ಪಟ್ಟಣದಲ್ಲಿ ಸಾರಿನ ಪುಡಿ ಮಾಡುವ ಗೃಹಿಣಿಗೆ ಇದು ಬೆಲೆಯೇರಿಕೆಯಾಗಬಹುದು. ಯಾರ ಪರ ನಿಲ್ಲುವುದೆಂಬುದು ಬರಿಯ ಕಾನೂನಿನ ಪ್ರಶ್ನೆಯಲ್ಲ.

ಈಗ ಇಂದಿನ ಕಾನೂನಿಗೆ ಬರೋಣ. ಹಳೆಯ 1969ರ ಕಾಯಿದೆಗೆ ಹಲ್ಲು ಕಡಿಮೆ. “ಹಾಗೆ ಮಾಡಬೇಡ, ನಿಲ್ಲಿಸು” ಎನ್ನಬಹುದಾಗಿತ್ತು. ಮಾಡಿದ ತಪ್ಪಿಗೆ ದಂಡ ಹಾಕುವ ಬಲ ಅದಕ್ಕಿರಲಿಲ್ಲ. ಅದರ ಜಾಗಕ್ಕೆ 2002ರ ಸ್ಪರ್ಧಾ ಕಾಯಿದೆ ಬಂದಿತು. ಅದರ ಮುಖ್ಯ ಕಲಮುಗಳು ಜಾರಿಯಾದದ್ದು 2009ರ ಮೇ ತಿಂಗಳಲ್ಲಿ. ನೋಡಿಕೊಳ್ಳುವುದು ಭಾರತೀಯ ಸ್ಪರ್ಧಾ ಆಯೋಗ. ಅದರ 3ನೆಯ ಕಲಮು ಕೂಟವನ್ನೂ, 4ನೆಯ ಕಲಮು ದೊಡ್ಡವನು ತನ್ನ ದೊಡ್ಡಸ್ತಿಕೆಯನ್ನು ದುರುಪಯೋಗಮಾಡುವುದನ್ನೂ ನಿಷೇಧಿಸುತ್ತವೆ. ದೊಡ್ಡವನಾಗಿರುವುದೇ ತಪ್ಪಲ್ಲ, ಆ ಬಲದಿಂದ ಇತರರ ದಾರಿ ಕಟ್ಟುವುದು ತಪ್ಪು. ಕೂಟ ಸಾಬೀತಾದರೆ, ಅದು ನಡೆದಷ್ಟು ವರ್ಷದ ಲಾಭದ ಮೂರರಷ್ಟು, ಇಲ್ಲವೆ ವಹಿವಾಟಿನ ಶೇಕಡಾ 10, ಇವುಗಳಲ್ಲಿ ಯಾವುದು ಹೆಚ್ಚೋ ಅಲ್ಲಿಯವರೆಗೂ ದಂಡ ಹಾಕಬಹುದು. ಕೂಟದವರಲ್ಲೊಬ್ಬನು ತಾನಾಗಿ ಬಂದು ಗುಟ್ಟು ಬಿಟ್ಟುಕೊಟ್ಟರೆ ಅವನಿಗೆ ದಂಡದಲ್ಲಿ ರಿಯಾಯಿತಿಯುಂಟು. ಕಳ್ಳರ ಗುಂಪಿನಲ್ಲಿ ಅನುಮಾನದ ಬೀಜ ಬಿತ್ತುವ ಉಪಾಯ ಇದು.

ಸೋಡಾ ಆಶಿನ ಪಾಠವನ್ನೂ ಈ ಕಾಯಿದೆ ಕಲಿತಿದೆ. ಅದರ 32ನೆಯ ಕಲಮಿನಂತೆ, ಒಪ್ಪಂದ ಹೊರದೇಶದಲ್ಲಿ ಆಗಿದ್ದರೂ, ಮಾಡಿದವರು ಹೊರಗಿದ್ದರೂ, ಅದರ ಕೆಟ್ಟ ಪರಿಣಾಮ ಭಾರತದ ಪೇಟೆಯ ಮೇಲೆ ಆದರೆ ಆಯೋಗ ವಿಚಾರಿಸಬಹುದು. ಕಲ್ಲು ಎಲ್ಲಿಂದ ಬಂತೆಂಬುದಲ್ಲ, ಯಾರ ಹಂಚು ಒಡೆಯಿತೆಂಬುದು ಮುಖ್ಯ. ಇಷ್ಟಾದರೂ ನಾವು ಅಮೆರಿಕದವರನ್ನು ನೋಡಿ ನಗುವಂತಿಲ್ಲ. ನಮ್ಮ ಕಾಯಿದೆಯ 3ನೆಯ ಕಲಮಿನಲ್ಲಿಯೇ, ರಫ್ತಿಗೆ ಮಾತ್ರ ಸಂಬಂಧಿಸಿದ ಒಪ್ಪಂದಗಳಿಗೆ ವಿನಾಯಿತಿ ಇದೆ!

ಈಗ ದೊಡ್ಡಪ್ಪನ ಪ್ರಶ್ನೆಗೆ ಉತ್ತರ ಹೇಳಬಹುದು. ಕೂಟವೆಂದರೆ ಮಾರುವವರದು ಮಾತ್ರ, ಕೊಳ್ಳುವವರದಲ್ಲ ಎಂದು ಹಲವರ ಭಾವನೆ. ಅದು ತಪ್ಪು. ಮಾರುವ ಬೆಲೆಯನ್ನು ಕೂಡಿ ಕಟ್ಟಿದಂತೆಯೇ ಕೊಳ್ಳುವ ಬೆಲೆಯನ್ನು ಕೂಡಿ ಕಟ್ಟುವುದೂ ಕಾಯಿದೆಯಲ್ಲಿ ಸ್ಪಷ್ಟವಾಗಿ ಹೆಸರಿಸಿದ ಅಪರಾಧ. ಟೆಂಡರಿನಲ್ಲಿ ಒಳಸಂಚು ಮಾಡುವುದೂ ಅಷ್ಟೇ. ಕರಾರುಪತ್ರ ಬೇಕಾಗಿಲ್ಲ, ಬರವಣಿಗೆ ಇಲ್ಲದ ತಿಳಿವಳಿಕೆ, ಕಣ್ಸನ್ನೆಯ ಒಡಂಬಡಿಕೆ ಕೂಡ ಸಾಕು. ದನದ ಜಾತ್ರೆಯಲ್ಲಿ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಹೇಳುವುದನ್ನು ನೀವು ಕಂಡಿದ್ದೀರಿ. ಅಲ್ಲಿ ಬೆರಳು ಹಿಡಿಯುವವರು ಕೊಳ್ಳುವವನೂ ಮಾರುವವನೂ, ಅದು ಚೌಕಾಸಿ. ಕೊಳ್ಳುವವರೇ ತಮ್ಮತಮ್ಮಲ್ಲಿ ಬೆರಳು ಹಿಡಿದರೆ ಅದು ಕೂಟ.

ಆದರೆ ಒಂದು ಎಚ್ಚರಿಕೆ. ಮೂರು ಚೀಟಿಯಲ್ಲಿ ಒಂದೇ ಅಂಕಿ ಬಂದದ್ದರಿಂದಲೇ ಕೂಟ ಸಾಬೀತಾಗುವುದಿಲ್ಲ. ಮೂವರೂ ಅದೇ ಬೆಳಿಗ್ಗೆ ಅದೇ ಪೇಟೆ ಧಾರಣೆಯನ್ನು ಕೇಳಿ ಬಂದಿರಬಹುದು. ಅಂದು ಅವರು ಮೊದಲೇ ಮಾತಾಡಿಕೊಂಡಿದ್ದರೆಂದು ನಾನೂ ಪ್ರಮಾಣ ಮಾಡಿ ಹೇಳಲಾರೆ. ವಾರವಾರವೂ ಅದೇ ಆಗುತ್ತಿದ್ದರೆ, ಸರದಿಯಂತೆ ಒಬ್ಬೊಬ್ಬರೇ ಕೊಳ್ಳುತ್ತಿದ್ದರೆ, ಹೊಸ ಖರೀದಿದಾರ ಬಂದರೆ ಎಲ್ಲರೂ ಸೇರಿ ಅವನನ್ನು ಓಡಿಸುತ್ತಿದ್ದರೆ, ಆಗ ಆ ಸಮನಾದ ಅಂಕಿಗೆ ಬೇರೆ ಅರ್ಥ ಬರುತ್ತದೆ. ಆದ್ದರಿಂದ ಬೆಳೆಗಾರನು ಚೀಟಿ, ರಸೀತಿ, ತಾರೀಕು, ಆ ದಿನದ ಧಾರಣೆ ಇವನ್ನು ಜೋಪಾನವಾಗಿ ಇಡುವುದು ಒಳಿತು. ಆಯೋಗಕ್ಕೆ ಯಾರು ಬೇಕಾದರೂ, ಬಳಕೆದಾರರ ಸಂಘವಾಗಲಿ ಬೆಳೆಗಾರರ ಸಂಘವಾಗಲಿ, ಮಾಹಿತಿ ಸಲ್ಲಿಸಬಹುದು. 2023ರ ತಿದ್ದುಪಡಿಯ ಮೇಲೆ ಅದಕ್ಕೆ ಮೂರು ವರ್ಷದ ಅವಧಿಯಿದೆ. ಸಕಾರಣವಿಲ್ಲದೆ ತಡಮಾಡಿದರೆ ಕೇಳುವವರಿರುವುದಿಲ್ಲ.

ಹಾಗಾದರೆ ಬೆಳೆಗಾರರೇ ಕೂಡಿದರೆ? ನನ್ನ ಶಿಷ್ಯನೊಬ್ಬ, ಈಗ ತೋಟ ನೋಡಿಕೊಂಡಿರುವವನು, “ಮೇಷ್ಟ್ರೇ, ಅವರು ಕೂಡಿದ್ರೆ ಕೂಟ, ನಾವು ಕೂಡಿದ್ರೆ ಸಂಘ ಅಲ್ವಾ?” ಎಂದು ಕೇಳಿದ. ಅಷ್ಟು ಸುಲಭವಲ್ಲ. ಕೂಡಿ ಅಟ್ಟ ಕಟ್ಟುವುದು, ಕೂಡಿ ಒಣಗಿಸಿ ಸಾಗಿಸುವುದು, ಸಹಕಾರ ಸಂಘದ ಮೂಲಕ ಒಟ್ಟಿಗೆ ಮಾರುವುದು ಇವೆಲ್ಲ ಖರ್ಚು ತಗ್ಗಿಸಿ ಪೇಟೆಗೆ ಒಂದು ಹೊಸ ಶಕ್ತಿಯನ್ನು ಸೇರಿಸುತ್ತವೆ. ಅಂಥ ಜಂಟಿ ಕೆಲಸಕ್ಕೆ ಕಾಯಿದೆಯಲ್ಲಿ ಎಡೆಯಿದೆ. ಏನೂ ಕೂಡಿ ಮಾಡದೆ, ಬೆಲೆಯನ್ನು ಮಾತ್ರ ಕೂಡಿ ಕಟ್ಟಿದರೆ ಅದು ಯಾರು ಮಾಡಿದರೂ ಕೂಟವೇ.

ಕಾನೂನಿನ ಹೊರತಾಗಿ ಬೇರೆ ಆಸರೆಗಳೂ ಉಂಟು. 1966ರ ನಮ್ಮ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯಿದೆ ಬಯಲು ಹರಾಜು, ಟೆಂಡರುಗಳನ್ನು ಕಟ್ಟಳೆಗೆ ತಂದಿತು. 2014ರಿಂದ ರಾಜ್ಯದಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆ ಬಂದು, ಚೀಟಿಯ ಬದಲು ಕಂಪ್ಯೂಟರಿನಲ್ಲಿ ಟೆಂಡರು ಹಾಕುವ ಪದ್ಧತಿ ಹಬ್ಬಿತು. ಮುಖಾಮುಖಿಯಾಗಿ ಕೂಡದ ದೂರದೂರಿನವರೂ ಬೆಲೆ ಕೂಗಬಹುದಾಯಿತು. ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ ಸಾರುತ್ತದೆ. 2024ರ ಹಂಗಾಮಿಗೆ ಅದು ಕ್ವಿಂಟಾಲಿಗೆ 12,000 ರೂಪಾಯಿ ಇತ್ತು. ಇವು ಯಾವುವೂ ಪೂರ್ತಿ ಮದ್ದಲ್ಲ. ಪೇಟೆ ಧಾರಣೆ ಬೆಂಬಲ ಬೆಲೆಗಿಂತ ಕುಸಿದಾಗ ಖರೀದಿ ಕೇಂದ್ರದ ಸಾಲು ಎಷ್ಟು ಉದ್ದವೆಂಬುದನ್ನು ನಿಂತವರೇ ಬಲ್ಲರು.

ನಮ್ಮೂರಿನಲ್ಲಿ ಹೊಯ್ಸಳರ ಕಾಲದ ಒಂದು ಕಲ್ಯಾಣಿಯಿದೆ. ಸುತ್ತ ಪುಟ್ಟ ಪುಟ್ಟ ಗುಡಿಗಳು, ನೀರಿಗಿಳಿಯಲು ಮೆಟ್ಟಿಲುಗಳು. ಬೇಲೂರು ಹಳೇಬೀಡುಗಳಿಗೆ ಬರುವವರಲ್ಲಿ ಇಲ್ಲಿಯವರೆಗೆ ಬರುವವರು ಕಡಿಮೆ. ಬಂದವರು ಮಾತ್ರ ಸ್ವಲ್ಪ ಹೊತ್ತು ಕುಳಿತೇ ಹೋಗುತ್ತಾರೆ. ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋದಾಗ ನಾನು ಹೇಳುವುದುಂಟು: ಕಟ್ಟಿಸಿದವನು ನೀರನ್ನಷ್ಟೇ ಅಲ್ಲ, ನೀರಿಗಿಳಿಯುವ ಮೆಟ್ಟಿಲನ್ನೂ ಕಟ್ಟಿಸಿದ. ಮೆಟ್ಟಿಲ ಬಾಯಿಗೆ ನಾಲ್ಕು ಜನ ಅಡ್ಡ ಕುಳಿತರೆ ನೀರಿದ್ದೂ ಇಲ್ಲದಂತೆ.

ದೊಡ್ಡಪ್ಪ ಈಗ ಇಲ್ಲ. ಅಂದು ಅವರು ಆ ಬೆಲೆಗೇ ಕೊಟ್ಟು ಬಂದರು. ಕಡಿಮೆ ಬಿದ್ದ ಹಣಕ್ಕೆ ಸಾಲ ಮಾಡಿ ಮದುವೆ ನಡೆಸಿದರು. ಆ ಸಾಲ ತೀರಲು ಮೂರು ವರ್ಷದ ಕೊಬ್ಬರಿ ಬೇಕಾಯಿತು. ಇಂದು ಕೇಳಿದ್ದರೆ, “ಕಾನೂನು ಇದೆ ದೊಡ್ಡಪ್ಪ. ಚೀಟಿ ಇಟ್ಟುಕೊಂಡಿದ್ದೀರಾ?” ಎನ್ನುತ್ತಿದ್ದೆ. ಮುಂದಿನ ಸಲ ನಿಮ್ಮ ಮನೆಯ ರೇಡಿಯೋದಲ್ಲಿ ಪೇಟೆ ಧಾರಣೆ ಬಂದಾಗ ಸಂಗೀತಕ್ಕಾಗಿ ಅವಸರಪಡದೆ ಎರಡು ನಿಮಿಷ ಕಿವಿಗೊಡಿ. ಆ ಅಂಕಿಗಳ ಹಿಂದೆ, ಅಟ್ಟದ ಮೇಲೆ ವರ್ಷವಿಡೀ ಒಣಗಿದ ಕಾಯಿಗಳೂ ಅವನ್ನು ಕಾದ ಒಂದು ಮನೆಯೂ ಇರುತ್ತವೆ.